ಅಚ್ಚಿಗಲ್ಲದ ಸಾಲು

ಜನವರಿ ೯

ನಮ್ಮ ಟಪಾಲಮ್ಮನಿಗೆ,

ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನ್ನ ಕಿವಿಗೆ ಬೀಳುವುದಿಲ್ಲ, ಬಿದ್ದ ಅರ್ಧವನ್ನೂ ನಾನು ಬೇರೇನೋ ಅಂದುಕೊಳ್ಳುತ್ತೇನೆ. ಅದಕ್ಕೇ ಈ ಕಾಗದ. ನೀನೂ ಕಾಗದದಲ್ಲೇ ಉತ್ತರ ಕೊಡು, ಅಕ್ಷರ ಸ್ವಲ್ಪ ದಪ್ಪಗಿರಲಿ.

ನಮ್ಮ ಪ್ರಕಾಶಕರ ಮಗ (ಈಗ ಅವನೇ ಪ್ರಕಾಶಕ) ಮೊನ್ನೆ ಏದುಸಿರು ಬಿಡುತ್ತಾ ಪ್ರೆಸ್ಸಿನ ಮೇಲಿನ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದಿದ್ದ. ಪ್ರಶಸ್ತಿ ಗೆದ್ದ ವೈಜ್ಞಾನಿಕ ಕಾದಂಬರಿಗಳನ್ನು ಬೇರೆ ಬೇರೆ ಕಾಲದಿಂದ ಆರಿಸಿ ಆರು ಪುಸ್ತಕಗಳ ಮಾಲೆ ತರುತ್ತಾನಂತೆ. ಐದನ್ನು ನಿಮ್ಮಮ್ಮ ಹಿಂದೆಯೇ ಅನುವಾದ ಮಾಡಿದ್ದಾಳೆ, ಮುಖಪುಟದ ಚಿತ್ರ ನಾನು ಬರೆದಿದ್ದೇನೆ. ಆದರೆ ಗೋದಾಮಿಗೆ ನೀರು ನುಗ್ಗಿದಾಗ ಆ ಚಿತ್ರಗಳೆಲ್ಲ ಹಾಳಾದವು, ಆದ್ದರಿಂದ ಹೊಸದಾಗಿ ಬರೆಯಬೇಕು. ಆರನೆಯದು ಹೋದ ವರ್ಷ ಗೆದ್ದ ಕಾದಂಬರಿ. ಅದರ ಅನುವಾದ ನಿಮ್ಮಮ್ಮ ಶುರು ಮಾಡಿಯಾಗಿದೆ ಎಂದು ಅವನು ಹೇಳಿಯೇ ನನಗೆ ಗೊತ್ತಾಗಬೇಕೇ?

ನಾನು ಅವಳ ಪುಸ್ತಕ ಓದುವುದಿಲ್ಲ ಎಂಬುದು ಅವನಪ್ಪನ ಕಾಲದಿಂದಲೂ ಆ ಆಫೀಸಿಗೆ ಗೊತ್ತಿರುವ ವಿಷಯ. ಕಾರಣ ನಿನಗೂ ಗೊತ್ತು. ಮೊದಲ ಕಾದಂಬರಿಯನ್ನು ಒಂದೇ ಉಸಿರಿಗೆ ಓದಿದೆ. ಕೊನೆಯ ದೃಶ್ಯ ಮನಸ್ಸು ಹಿಡಿದುಬಿಟ್ಟಿತು, ಅದನ್ನೇ ಬರೆದೆ: ಹೊಸ ಗ್ರಹದ ಕೆಂಪು ಮಣ್ಣಿನಲ್ಲಿ ನಾಯಕನ ಗೋರಿ, ಅದರ ಮೇಲೆ ಅವನ ಶಿರಸ್ತ್ರಾಣ. ಅವನು ಸಾಯುತ್ತಾನೆಂದು ಓದುಗರಿಗೆ ಅಂಗಡಿಯಲ್ಲೇ ತಿಳಿದುಹೋಯಿತು. "ವರ್ಷಗಟ್ಟಲೆ ಕೂತು ಮಾಡಿದ್ದನ್ನ ಒಂದು ಚಿತ್ರದಲ್ಲಿ ಒದರಿಬಿಟ್ರಲ್ಲ! ಇನ್ಮೇಲೆ ನನ್ನ ಪುಸ್ತಕ ಮುಟ್ಬೇಡಿ" ಅಂದಳು. "ಮುಟ್ಟಲ್ಲ ಬಿಡು" ಅಂದೆ. ಇಬ್ಬರದೂ ಒಂದೇ ಜಾತಿಯ ಹಟ. ಮನೆಯ ಮಾತು ನಿಲ್ಲಲಿಲ್ಲ. ಹಾಲು ಬಂತಾ, ಗ್ಯಾಸ್ ಮುಗಿಯಿತಾ, ಮಲಗುವ ಮುಂಚೆ ಒಳಗಿನಿಂದ "ಬಾಗಿಲು ಹಾಕಿದ್ರಾ?", ಹೊರಗಿನಿಂದ "ಹಾಕಿದೆ", ಎಲ್ಲವೂ ಇತ್ತು. ಪುಸ್ತಕದ ಮಾತು ಮಾತ್ರ ಬಂದ್. ಅವಳು ಹೇಳಿದ ಕತೆಯನ್ನು ನೀನು ಅವಳ ಮೇಜಿನಿಂದ ನನ್ನ ಹಲಗೆಯವರೆಗೆ ಓಡಿ ಬಂದು ಹೇಳುತ್ತಿದ್ದೆ. ಹಾಗೆ ನೀನು ಟಪಾಲಮ್ಮ ಆದದ್ದು.

ನಿನ್ನ ಹೆರಿಗೆಗೆಂದು ನಿನ್ನ ಊರಿಗೆ ಹೋದವಳು ಅಲ್ಲೇ ಉಳಿದಳು. ಬಾ ಅಂತ ನಾನು ಕರೆಯಲಿಲ್ಲ, ಬರುತ್ತೇನೆ ಅಂತ ಅವಳೂ ಹೇಳಲಿಲ್ಲ. ಮೊಮ್ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಳು. ಇರಲಿ. ಕತೆಗಳನ್ನು ಇನ್ನೊಂದು ಸಲ ಹೇಳಿ ಕಳಿಸಲು ಒಪ್ಪುತ್ತಾಳೋ ಕೇಳು.

ಇಂತಿ,
ನಿನ್ನ ಅಪ್ಪ

*

ಜನವರಿ ೨೮

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಕೆಲಸ ಬಿಟ್ಟು ತಲೆ ಎತ್ತಲಿಲ್ಲ. ಅನುವಾದದ ಹಾಳೆ ತಿರುಗಿಸುತ್ತಲೇ, "ಕತೆ ಬರೆದು ಕಳಿಸು. ಕೊನೆ ಮಾತ್ರ ಹೇಳ್ಬೇಡ" ಅಂದರು.

"ಮೊದಲನೇದರ ಕೊನೆ ಅವರಿಗೆ ಗೊತ್ತಲ್ಲಮ್ಮ?"

"ಗೊತ್ತಿದ್ರೂ ಹೇಳ್ಬೇಡ."

ಹಾಗಾಗಿ ಮೊದಲನೆಯದಕ್ಕೆ ರಾಕೆಟ್ಟು ಇಳಿದ ದಿನವನ್ನು ಬರೆಯಿರಿ. ಕೆಂಪು ಬಯಲು, ಎಲ್ಲರ ಮುಖದಲ್ಲೂ ಗೆದ್ದೆವೆಂಬ ಹಿಗ್ಗು. ಎರಡನೆಯದು ನಿಮಗೆ ನೆನಪಿರಬಹುದು. ನೂರಾರು ಜನ ಹಿಮದಂಥ ನಿದ್ದೆಯಲ್ಲಿ ಮಲಗಿರುವ ಅಂತರಿಕ್ಷದ ಹಡಗು, ಎಚ್ಚರವಿರುವವನು ಒಬ್ಬನೇ ಕಾವಲುಗಾರ. ಮೂರನೆಯದರಲ್ಲಿ ನೆಲಮಾಳಿಗೆಯ ಯಂತ್ರವೊಂದು ಯೋಚಿಸಲು ಕಲಿಯುತ್ತದೆ, ಅದರ ಜೊತೆ ಮಾತಾಡುವವಳು ಅಲ್ಲಿ ನೆಲ ಒರೆಸುವ ಹೆಂಗಸು ಮಾತ್ರ. ನಾಲ್ಕನೆಯದರಲ್ಲಿ ಸಮುದ್ರ ಊರನ್ನು ನುಂಗಿದೆ, ಜನ ಮೇಲಂತಸ್ತುಗಳಲ್ಲಿ ಬದುಕಿ ದೋಣಿಯಲ್ಲಿ ಓಡಾಡುತ್ತಾರೆ. ಐದನೆಯದರಲ್ಲಿ ಹೊಟ್ಟೆಪಾಡಿಗೆ ಜನ ತಮ್ಮ ನೆನಪುಗಳನ್ನು ಮಾರುತ್ತಾರೆ.

ಇದನ್ನೆಲ್ಲ ಬರೆಸುತ್ತಾ ಅಮ್ಮ ಒಂದು ಮಾತು ಹೇಳಿದರು, ನಿಮಗೆಂದು ಹೇಳಲಿಲ್ಲ, ಆದರೂ ಬರೆಯುತ್ತೇನೆ. "ಮೊದಲಿನವರಿಗೆ ನಕ್ಷತ್ರಕ್ಕೆ ಹೋಗೋ ಆತುರ. ಆಮೇಲಿನವರಿಗೆ ನಕ್ಷತ್ರದ ಗೊಡವೆಯೇ ಬೇಡ, ಮನೆ ಉಳಿಸ್ಕೊಂಡ್ರೆ ಸಾಕು. ಈಗ ಬರೆಯೋರಿಗೆ ಮನೆಗೆ ವಾಪಸ್ ಬರೋ ದಾರಿ ಬೇಕು. ಪ್ರಶಸ್ತಿ ಕೊಡೋರೂ ನಮ್ಮ ಹಾಗೇ ಮುದುಕರಾಗ್ತಿದಾರೆ."

ಅಮ್ಮನಿಗೆ ಸ್ವಲ್ಪ ಕೆಮ್ಮು. ಹವೆ ಬದಲಾಗಿದೆಯಲ್ಲ. ಬೇರೇನೂ ಇಲ್ಲ.

ನಿಮ್ಮ,
ಟಪಾಲಮ್ಮ

*

ಫೆಬ್ರವರಿ ೨೦

ಟಪಾಲಮ್ಮನಿಗೆ,

ಮೊದಲನೆಯದು ಮುಗಿಯಿತು. ಈ ಸಲ ಯಾರೂ ಸತ್ತಿಲ್ಲ, ನಿಮ್ಮಮ್ಮನಿಗೆ ಹೇಳು.

ಎರಡನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ. ಹೋದ ಸಲ ಹಡಗಿನ ಕಿಟಕಿಯ ಪಕ್ಕ ಎರಡು ಲೋಟ ಬರೆದಿದ್ದೆ. ಕಾವಲುಗಾರ ಒಬ್ಬನೇ, ಲೋಟ ಎರಡು. ಜನ ಆ ಚಿತ್ರವನ್ನು ಬಹಳ ಮೆಚ್ಚಿದ್ದರು. ನಿನ್ನ ಕಾಗದದಲ್ಲಿ ಲೋಟದ ಸುದ್ದಿಯೇ ಇಲ್ಲವಲ್ಲ? ಮೂರನೆಯದಕ್ಕೆ ಬಾಗಿಲ ಬಳಿ ಎರಡು ಜೊತೆ ಚಪ್ಪಲಿ ಇತ್ತು, ನಾಲ್ಕನೆಯದಕ್ಕೆ ಕಿಟಕಿಯಲ್ಲಿ ಒಣಹಾಕಿದ ಶಾಲು. ಅವೂ ಇಲ್ಲ. ನಿಮ್ಮಮ್ಮ ಬೇಡ ಅಂದಳೋ ನೀನು ಮರೆತೆಯೋ? ಕೇಳಿ ತಿಳಿಸು. ಅಲ್ಲಿಯವರೆಗೆ ಕಿಟಕಿಯ ಜಾಗ ಖಾಲಿ ಬಿಟ್ಟಿರುತ್ತೇನೆ.

ಕೆಮ್ಮು ಇನ್ನೂ ಇದೆಯೇ?

ನಿನ್ನ ಅಪ್ಪ

*

ಮಾರ್ಚ್ ೪

ಮಾನ್ಯ ಅನುವಾದಕಿಯವರಿಗೆ,

ವಂದನೆಗಳು. ಮಾಲೆಯ ಸಂಪಾದಕಿಯಾಗಿ ತಮ್ಮ ಅನುವಾದಗಳನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡುವ ಭಾಗ್ಯ ನನ್ನದಾಯಿತು. ತಮ್ಮ ಅನುವಾದ ಓದಿಯೇ ನಾನು ಈ ಕೆಲಸಕ್ಕೆ ಬಂದವಳು, ಆದ್ದರಿಂದ ಮುಂದಿನ ಮಾತನ್ನು ಅಳುಕಿನಿಂದಲೇ ಬರೆಯುತ್ತಿದ್ದೇನೆ. ಎರಡನೆಯದರಿಂದ ಐದನೆಯ ಕಾದಂಬರಿಯವರೆಗೆ, ಪ್ರತಿಯೊಂದರ ಎರಡನೇ ಮುದ್ರಣದಲ್ಲಿ, ಮೂಲದಲ್ಲಿ ಎಲ್ಲೂ ಇಲ್ಲದ ಒಂದೆರಡು ಸಾಲುಗಳಿವೆ. ಮೊದಲ ಮುದ್ರಣದಲ್ಲಿ ಅವು ಇಲ್ಲ. ಲೋಟ, ಚಪ್ಪಲಿ, ಶಾಲು, ಮತ್ತೆ ಲೋಟ. ಒಂದು ಪದವನ್ನೂ ಆಚೀಚೆ ಮಾಡದವರೆಂದು ಹೆಸರಾದ ತಮ್ಮಿಂದ ಇದು ಹೇಗಾಯಿತೆಂದು ತಿಳಿಯದೆ ಕೇಳುತ್ತಿದ್ದೇನೆ. ಈ ಸಾಲುಗಳನ್ನು ತೆಗೆಯಬಹುದೇ?

ವಿಶ್ವಾಸದಿಂದ,
ಸಂಪಾದಕಿ

*

ಮಾರ್ಚ್ ೧೩

ಸಂಪಾದಕಿಯವರಿಗೆ,

ಮೂಲದಲ್ಲಿ ಇಲ್ಲವೆಂಬುದು ನನಗೂ ಗೊತ್ತು. ಮೊದಲ ಮುದ್ರಣದ ಮುಖಪುಟದಲ್ಲಿ ಇವೆ. ಮುಖಪುಟವೂ ಪುಸ್ತಕದ ಭಾಗ ಎಂದು ನಾನು ನಂಬಿದ್ದೇನೆ. ಚಿತ್ರ ಬರೆದವರು ಏನನ್ನೋ ಹೇಳಿದ್ದರು. ಅದಕ್ಕೆ ಒಳಗಿನಿಂದ ಯಾರಾದರೂ ಓ ಅನ್ನಬೇಕಲ್ಲ, ನಾನು ಅಂದೆ. ಅನುವಾದಕಿಯಾಗಿ ಇದು ತಪ್ಪೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಜಗಳಕ್ಕೆ ಹೋಗುತ್ತಿದ್ದೆ.

ಸದ್ಯಕ್ಕೆ ತೆಗೆಯಬೇಡಿ. ಮುಟ್ಟಬೇಕಾದವರಿಗೆ ಇನ್ನೂ ಮುಟ್ಟಿಲ್ಲ. ಆರನೆಯದು ಬೇಗ ಕಳಿಸಲು ಪ್ರಯತ್ನಿಸುತ್ತೇನೆ. ಕೈ ಸರಿಯಾಗಿದೆ, ಉಸಿರು ಮಾತ್ರ ಹೇಳಿದ ಹಾಗೆ ಕೇಳುತ್ತಿಲ್ಲ.

ಇಂತಿ,
ಅನುವಾದಕಿ

*

ಮಾರ್ಚ್ ೧೪

ಅಪ್ಪಾ,

ಇದನ್ನು ಅಮ್ಮನಿಗೆ ಹೇಳದೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ನೀವಿಬ್ಬರೂ ಕೊಟ್ಟ ಸುದ್ದಿಯನ್ನು ಮುಟ್ಟಿಸಿದ್ದೇನೆ. ಇವತ್ತು ಕೊಡಬೇಡ ಅಂದದ್ದನ್ನು ಮುಟ್ಟಿಸುತ್ತೇನೆ.

ಕೆಮ್ಮು ಹವೆಯದಲ್ಲ. ಅಮ್ಮನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ. ವಾಸಿಯಾಗುತ್ತೆ ಎಂಬ ಮಾತನ್ನು ವೈದ್ಯರು ಆಡುತ್ತಿಲ್ಲ. "ಅವರಿಗೆ ಹೇಳ್ಬೇಡ, ಕುಂಚ ಕೆಳಗಿಟ್ಟು ಕೂತ್ಬಿಡ್ತಾರೆ" ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು. ಊರಿನ ಆಸ್ಪತ್ರೆಗಳ ಉಸಿರಾಟದ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವಳು ನಾನು. ಅಮ್ಮನ ಹಾಸಿಗೆಯ ಪಕ್ಕದ್ದನ್ನೂ ನಾನೇ ದಿನಾ ಬಿಚ್ಚಿ ನೋಡುತ್ತೇನೆ. ಯಂತ್ರದಲ್ಲಿ ಒಂದು ದೋಷವೂ ಸಿಗುವುದಿಲ್ಲ. ಸಿಕ್ಕಿದ್ದರೆ ಸರಿ ಮಾಡುತ್ತಿದ್ದೆ.

ಇನ್ನೊಂದು ವಿಷಯ. ಲೋಟ, ಚಪ್ಪಲಿ, ಶಾಲು ಯಾವುದೂ ಆ ಕಾದಂಬರಿಗಳಲ್ಲಿ ಇರಲಿಲ್ಲ. ನೀವಿಬ್ಬರೂ ಒಂದು ಕಡೆ ಕೂತು ಚಹಾ ಕುಡಿಯಲಿ ಅಂತ ಚಿಕ್ಕವಳಿದ್ದಾಗ ನಾನೇ ಸೇರಿಸಿ ಹೇಳಿದ್ದು. ಅದು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ನಿಮ್ಮ ಚಿತ್ರ ನೋಡಿದ ಅಮ್ಮ ಎರಡನೇ ಮುದ್ರಣದಲ್ಲಿ ಪುಸ್ತಕದ ಒಳಗೇ ಉತ್ತರ ಬರೆದಿದ್ದಾರೆ. ಸಂಪಾದಕಿಯ ಕಾಗದ ಬಂದ ಮೇಲೆ ಹುಡುಕಿ ಓದಿದೆ. ನಿಮಗಾಗಿ ಇಲ್ಲಿ ಬರೆಯುತ್ತೇನೆ.

ಎರಡನೆಯದರಲ್ಲಿ: "ಕಿಟಕಿಯ ಬಳಿ ಎರಡು ಲೋಟಗಳಿದ್ದವು. ಇನ್ನೊಂದು ಯಾರಿಗೆಂದು ಕಾವಲುಗಾರ ಹೇಳಲಿಲ್ಲ, ಆದರೆ ದಿನವೂ ತೊಳೆದಿಡುತ್ತಿದ್ದ."

ಮೂರನೆಯದರಲ್ಲಿ: "ಹೊಸ್ತಿಲಲ್ಲಿ ಎರಡು ಜೊತೆ ಚಪ್ಪಲಿ. ಯಂತ್ರಕ್ಕೆ ಕಾಲಿಲ್ಲವೆಂದು ಅವಳಿಗೆ ಗೊತ್ತಿತ್ತು, ಆದರೂ ಎತ್ತಿಡಲಿಲ್ಲ."

ನಾಲ್ಕನೆಯದರಲ್ಲಿ: "ಮೇಲಂತಸ್ತಿನ ಕಿಟಕಿಯಲ್ಲಿ ಶಾಲು ಒಣಗುತ್ತಿತ್ತು. ಗುರುತು ಹಿಡಿದವರು ದೋಣಿ ನಿಲ್ಲಿಸಲಿ ಎಂದು."

ಐದನೆಯದರಲ್ಲಿ: "ಎಲ್ಲ ನೆನಪನ್ನೂ ಮಾರಿದ ಮೇಲೆ ಅವನ ಬಳಿ ಉಳಿದದ್ದು ಎರಡು ಲೋಟ. ಯಾಕೆಂದು ತಿಳಿಯದಿದ್ದರೂ ಎರಡಕ್ಕೂ ಚಹಾ ಬಗ್ಗಿಸಿದ."

ಐದನೆಯದರ ಕತೆ ನಾನು ನಿಮಗೆ ಫೋನಿನಲ್ಲಿ ಹೇಳಿದ್ದು. ಆಗ ನನಗೆ ಮೂವತ್ತು ದಾಟಿತ್ತು, ಸೇರಿಸಿ ಹೇಳುವ ಚಟ ಬಿಟ್ಟಿತ್ತು. ಲೋಟದ ಮಾತೇ ಎತ್ತಿರಲಿಲ್ಲ. ಮುಖಪುಟದಲ್ಲಿ ಮಾತ್ರ ಎರಡು ಲೋಟಗಳಿವೆ. ಅವನ್ನು ಅಲ್ಲಿ ಇಟ್ಟವರು ಯಾರು ಅಪ್ಪಾ?

ನಿಮ್ಮ ಮಗಳು

*

ಮಾರ್ಚ್ ೨೨

ಮಗಳೇ,

ಇಟ್ಟವನು ನಾನೇ.

ಮೊದಲ ಸಲದ ಲೋಟಗಳು ನಿನ್ನವೆಂದೂ ನನಗೆ ಆವತ್ತೇ ಗೊತ್ತಿತ್ತು. ಲೋಟದ ಮಾತು ಬಂದಾಗ ನಿನ್ನ ಕಣ್ಣು ನೆಲ ನೋಡುತ್ತಿತ್ತು. ಅಂತರಿಕ್ಷದ ಹಡಗಿನಲ್ಲಿ ನಮ್ಮ ಅಡುಗೆಮನೆಯ ಸ್ಟೀಲ್ ಲೋಟ ಎಲ್ಲಿಂದ ಬರಬೇಕು? ಆದರೂ ಬರೆದೆ, ಅವಳು ನೋಡಲಿ ಅಂತ. ಪುಸ್ತಕ ಬಂದ ದಿನ ಅವಳು ಮುಖಪುಟವನ್ನು ಬಹಳ ಹೊತ್ತು ನೋಡಿದಳು, ಸೆರಗಿನಿಂದ ಒರೆಸಿದಳು, ಕಪಾಟಿನಲ್ಲಿಟ್ಟಳು. ಬಾಯಿ ಬಿಡಲಿಲ್ಲ. ಸರಿ, ಇವಳ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಪ್ರತಿ ಸಲವೂ ಬರೆದೆ, ಪ್ರತಿ ಸಲವೂ ಹಾಗೇ ಅಂದುಕೊಂಡೆ.

ನಿನ್ನ ಕಾಗದ ಓದಿದ ಮೇಲೆ ಕೆಳಗಿನ ಗೋದಾಮಿಗೆ ಇಳಿದು ಹೋದೆ. ನೀರು ಕುಡಿದು ಉಬ್ಬಿದ ಕಟ್ಟುಗಳ ನಡುವೆ ಎರಡನೇ ಮುದ್ರಣದ ಪ್ರತಿಗಳು ಸಿಕ್ಕವು. ಭೂತಗನ್ನಡಿ ಹಿಡಿದು ಓದಿದೆ. ಮುಟ್ಟಲ್ಲ ಅಂದದ್ದನ್ನು ಮುಟ್ಟಿದೆ. ಅವಳು ಉತ್ತರ ಬರೆದು, ಅಚ್ಚು ಹಾಕಿಸಿ, ಕಂಡ ಕಂಡವರಿಗೆಲ್ಲ ಓದಿಸಿದ್ದಾಳೆ. ಓದದೆ ಉಳಿದವನು ನಾನೊಬ್ಬನೇ. ಮಾತು ಉಳಿಸಿಕೊಂಡೆ ಎಂದು ಇಷ್ಟು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದೆನಲ್ಲ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಆರನೆಯದರ ಕತೆ ನೀನು ಬರೆಯಬೇಡ. ನಾನೇ ಬರುತ್ತಿದ್ದೇನೆ, ಅವಳೇ ಹೇಳಲಿ. ಬರುತ್ತಿದ್ದೇನೆಂದು ಅವಳಿಗೆ ಮೊದಲೇ ತಿಳಿಸಬೇಡ, ಇಡೀ ಮನೆ ಗುಡಿಸಲು ಎದ್ದು ನಿಂತಾಳು.

ಅಪ್ಪ

*

ಏಪ್ರಿಲ್ ೧೫

ಸಂಪಾದಕಿಯವರಿಗೆ,

ಇದನ್ನು ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಆ ನಾಲ್ಕೂ ಕಡೆಯ ಹೆಚ್ಚಿನ ಸಾಲುಗಳನ್ನು ತೆಗೆದುಬಿಡಿ. ಓದಬೇಕಾದವರು ಓದಿದರು. ಇನ್ನು ಕಾದಂಬರಿಗಳು ಬರೆದವರದೇ ಆಗಿರಲಿ.

ಆರನೆಯದು ಮುಗಿದಿದೆ, ಕೊನೆಯ ಪುಟ ಬಿಟ್ಟು ಉಳಿದದ್ದನ್ನು ಕಳಿಸಿದ್ದೇನೆ. ಆ ಪುಟವನ್ನು ಆಮೇಲೆ ಮಗಳು ಕಳಿಸುತ್ತಾಳೆ. ಮುಖಪುಟದವರಿಗೆ ಅದನ್ನು ತೋರಿಸಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

ಅನುವಾದಕಿ

*

ಜೂನ್ ೨

ಮಗಳೇ,

ಬಂದು ಸೇರಿದೆ. ಕೋಣೆಯ ಬಣ್ಣವೆಲ್ಲ ಒಣಗಿ ಗಟ್ಟಿಯಾಗಿದೆ. ಅವಳನ್ನು ಚಿತೆಗೆ ಕಳಿಸಿಕೊಟ್ಟ ಮೇಲೆ ನಿನ್ನ ಮನೆಯಲ್ಲೇ ಇರಿ ಅಂತ ನೀನು ಹೇಳಿದ್ದು ನಿಜ. ಆದರೆ ಅವಳ ಕೊನೆಯ ಪುಸ್ತಕ ಮುಖಪುಟವಿಲ್ಲದೆ ಕೂತಿತ್ತು.

ಆ ದಿನಗಳನ್ನು ನೆನೆಸಿಕೊಳ್ಳುತ್ತಿರುತ್ತೇನೆ. ಅವಳಿಗೆ ಪಿಸುಮಾತಿಗಿಂತ ಹೆಚ್ಚು ದನಿ ಇಲ್ಲ, ನನಗೆ ಕೂಗಿದರೂ ಕೇಳದು. ನೀನು ಮಧ್ಯೆ ಸ್ಟೂಲಿನ ಮೇಲೆ ಕೂತು ಅವಳ ಬಾಯಿಂದ ನನ್ನ ಕಿವಿಗೆ ಕತೆ ದಾಟಿಸುತ್ತಿದ್ದೆ. ಐವತ್ತರ ಟಪಾಲಮ್ಮ. ಆಕಾಶದಿಂದ ಯಾರಾದರೂ ಮಾತಾಡಿಯಾರೆಂದು ದೂರದ ಒಂಟಿ ಠಾಣೆಯಲ್ಲಿ ಜೀವಮಾನವೆಲ್ಲ ಕಿವಿಗೊಟ್ಟು ಕೂತವನ ಕತೆ. ಯಾರೂ ಮಾತಾಡುವುದಿಲ್ಲ. ಠಾಣೆ ಮುಚ್ಚುತ್ತಾರೆ, ಅವನು ಮುದುಕನಾಗಿ ಮನೆ ದಾರಿ ಹಿಡಿಯುತ್ತಾನೆ. ಅಲ್ಲಿಗೆ ಬಂದಾಗ, "ನೀನು ಆಚೆ ಹೋಗಮ್ಮ, ನಿನ್ನ ಡ್ಯೂಟಿ ಮುಗೀತು" ಅಂತ ನಿನ್ನನ್ನು ಎಬ್ಬಿಸಿದಳು.

ಆಮೇಲೆ ಏನು ಹೇಳಿದಳೆಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು. ನನಗೆ ಅರ್ಧವೂ ಕೇಳಲಿಲ್ಲ ಮಗಳೇ. ಇನ್ನೊಂದು ಸಲ ಹೇಳು ಅನ್ನಲು ಮನಸ್ಸಾಗಲಿಲ್ಲ, ಅವಳ ಒಂದೊಂದು ಮಾತಿಗೂ ಎಷ್ಟು ಉಸಿರು ಖರ್ಚಾಗುತ್ತಿದೆಯೆಂದು ಕಾಣುತ್ತಿತ್ತು. ಕೈ ಹಿಡಿದುಕೊಂಡು ತಲೆ ಆಡಿಸಿದೆ. ಅವನು ಮನೆ ಬಾಗಿಲಿಗೆ ಬಂದು ನಿಂತದ್ದು ಮಾತ್ರ ತಿಳಿಯಿತು. "ಆಮೇಲೆ?" ಅಂದೆ. ಅವಳು ನಕ್ಕಳು. ನನ್ನ ಕಿವಿಯ ಹತ್ತಿರ ಬಂದು, "ಹೇಳಲ್ಲ. ಹೇಳಿದ್ರೆ ಅದನ್ನೇ ಬರೀತೀರ" ಅಂದಳು. ಅದು ಮಾತ್ರ ಸ್ಪಷ್ಟವಾಗಿ ಕೇಳಿತು.

ಅವಳು ಹೋಗಿದ್ದಾಳೆ, ಕೊನೆ ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರಿದ್ದರೋ, ಬಾಗಿಲು ತೆರೆಯಿತೋ ಇಲ್ಲವೋ. ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ? ಕೊನೆಗೆ ಅವನ ಬೆನ್ನನ್ನೇ ದೊಡ್ಡದಾಗಿ ಬರೆದು ಬಾಗಿಲನ್ನು ಮರೆ ಮಾಡಿಬಿಟ್ಟೆ. ಕೋಟಿನ ಭುಜದ ಮೇಲೆ ದಾರಿಯ ಧೂಳು, ಕೈ ಚಾಚಿದೆ. ಅಷ್ಟೇ. ಅವಳು ನೋಡಿದ್ದರೆ ಈ ಸಲ ಬಯ್ಯಲು ಏನೂ ಸಿಗುತ್ತಿರಲಿಲ್ಲ.

ಎರಡನೆಯದರ ಕಿಟಕಿಯಲ್ಲಿ ಲೋಟ ಬರೆಯಲಿಲ್ಲ, ಸಾಲು ತೆಗೆಸಿದ್ದಾಳಲ್ಲ. ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ನಿನ್ನ ಅಪ್ಪ

*

ಜೂನ್ ೧೯

ಅಪ್ಪಾ,

ನಿಮ್ಮ ಮುಖಪುಟ ಅಚ್ಚಿಗೆ ಹೋಯಿತೆಂದು ಸಂಪಾದಕಿ ತಿಳಿಸಿದ್ದಾರೆ. ಇದರೊಳಗೆ ಇನ್ನೊಂದು ಲಕೋಟೆ ಇದೆ. ಅಮ್ಮನ ಕೈಬರಹದ ಕೊನೆಯ ಪುಟ. ಸಂಪಾದಕಿಗೆ ನಕಲು ಮಾಡಿ ಕಳಿಸಿದ್ದೇನೆ, ಮೂಲ ನಿಮಗೆ. ಕೆಳಗೆ ಕಂಸದಲ್ಲಿ ಒಂದು ಸಾಲಿದೆ, ಅಂಚಿನಲ್ಲಿ "ಅಚ್ಚಿಗಲ್ಲ" ಎಂದು ಬರೆದು ಗೆರೆ ಎಳೆದಿದ್ದಾರೆ. ಪುಸ್ತಕದಲ್ಲಿ ಅದು ಇರುವುದಿಲ್ಲ.

ನಾನು ಓದಿದೆ. ನಕಲು ಮಾಡುವಾಗ ಓದದೆ ಹೇಗಿರಲಿ? ಏನಿದೆಯೆಂದು ಹೇಳುವುದಿಲ್ಲ, ನನ್ನ ಡ್ಯೂಟಿ ಮುಗಿದಿದೆ. ಓದಿದ ಮೇಲೆ ಅಮ್ಮನ ಯಂತ್ರದ ಪಕ್ಕ ಕೂತು ಅತ್ತೆ. ಅದನ್ನಿನ್ನೂ ಆಸ್ಪತ್ರೆಗೆ ಹಿಂತಿರುಗಿಸಿಲ್ಲ.

ಒಂದು ಮಾತು: ಇಲ್ಲಿಗೆ ಬಂದುಬಿಡಿ. ಕರೆಯಲಿಲ್ಲ, ಬರುತ್ತೇನೆ ಅನ್ನಲಿಲ್ಲ ಅಂತ ಈ ಮನೆಯಲ್ಲಿ ಇನ್ನೊಂದು ಸಲ ಆಗಬಾರದು. ನಾನು ಕರೆಯುತ್ತಿದ್ದೇನೆ.

ನಿಮ್ಮ ಮಗಳು

*

ಜೂನ್ ೨೭

ಮಗಳೇ,

ಬರುತ್ತೇನೆ. ಹಲಗೆ, ಕುಂಚ, ಬಣ್ಣ ಎಲ್ಲ ಕಟ್ಟಿಕೊಂಡು ಬರುತ್ತೇನೆ, ಜಾಗ ಮಾಡಿಡು.

ಲಕೋಟೆ ಬಂದು ಮೂರ್ನಾಲ್ಕು ದಿನ ಮೇಜಿನ ಮೇಲೇ ಇತ್ತು. ಇದಾದ ಮೇಲೆ ಅವಳಿಂದ ನನಗೆ ಓದಲು ಏನೂ ಉಳಿಯುವುದಿಲ್ಲವೆಂಬ ಹೆದರಿಕೆ. ಇವತ್ತು ಮಧ್ಯಾಹ್ನ, ಕೆಳಗೆ ಪ್ರೆಸ್ಸು ಊಟಕ್ಕೆ ನಿಂತಾಗ, ಒಡೆದೆ.

ಅವನು ಬಾಗಿಲು ನೂಕುತ್ತಾನೆ. ಬೀಗ ಇಲ್ಲ. ಮನೆಯಲ್ಲಿ ಯಾರೂ ಇಲ್ಲ, ಸಾಮಾನಿನ ಮೇಲೆಲ್ಲ ಧೂಳು. ಒಳಗೆ ಹೋಗಿ ನಿಂತು, ಹಳೆಯ ಅಭ್ಯಾಸದಂತೆ, ಕಿವಿಗೊಡುತ್ತಾನೆ. ಪ್ರಶಸ್ತಿ ಗೆದ್ದ ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಅದರ ಕೆಳಗೆ, ನಡುಗುವ ಅಕ್ಷರದಲ್ಲಿ, ನಿಮ್ಮಮ್ಮ:

(ಒಳಗಿನಿಂದ ಅವಳು ಕೇಳಿದಳು: "ಬಾಗಿಲು ಹಾಕಿದ್ರಾ?")

ನನ್ನ ಕಿವಿಯ ಪಾಡು ನಿನಗೆ ಗೊತ್ತು. ಪ್ರೆಸ್ಸು ಓಡುವ ಸದ್ದೂ ನನಗೆ ನೆಲದ ನಡುಕದಿಂದಲೇ ತಿಳಿಯುವುದು. ಆದರೆ ಇದು ಕೇಳಿತು.

ಎದ್ದು ಹೋಗಿ ನೋಡಿದೆ. ಹಾಕಿರಲಿಲ್ಲ. ಹಾಕಿದೆ. ಹಾಕಿದೆ ಅಂತ ಅವಳಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಊಟಕ್ಕೆ ಕೂತಿದ್ದ ಕೆಳಗಿನವರು ಯಾರನ್ನೋ ಕರೆದೆನೆಂದು ಮೇಲೆ ಬಂದರು.

ನಿನ್ನ ಅಪ್ಪ